ಬೂದಿ ಬಣ್ಣದ ಅಕ್ಷರ

ಜೆ.ಪಿ. ನಗರದ ಈ ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಹದಿನಾರು ವರ್ಷದಿಂದ ಕೂತು ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಕೊಡುತ್ತಿರುವವಳು ನಾನು. ತಿಂಗಳ ಕೊನೆಗೆ ಕೌಂಟರ್ ಮುಚ್ಚುತ್ತೇವೆ, ಇನ್ನು ಎಲ್ಲವೂ ಹೊಸ ವೆಬ್‌ಸೈಟಿನಲ್ಲೇ ಎಂದು ಡಾಕ್ಟರ್ ಶುಭಾ ಹೇಳಿಬಿಟ್ಟಿದ್ದರು. ಆ ವೆಬ್‌ಸೈಟ್ ಮಾಡಿದವನು ಸುಶ್ರುತ. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಬಿಳಿ ಪುಟದ ಮೇಲೆ ಬೂದಿ ಬಣ್ಣದ, ಕೂದಲೆಳೆಯಂಥ ಅಕ್ಷರ. ಎಲ್ಲಿ ಒತ್ತಬೇಕೆಂದು ಕಣ್ಣು ನೆಟ್ಟಗಿರುವ ನಾನೇ ತಡಕಾಡಬೇಕು. ಪೊರೆ ಬಂದವರ ಗತಿ? ವಸಂತಪುರದ ತಿಮ್ಮರಾಯಪ್ಪನವರು ಮೂರು ದಿನ ಒದ್ದಾಡಿ, ಕೊನೆಗೆ ಬಸ್ ಹತ್ತಿ ಬಂದು ನನಗೇ ಬೈದು ಹೋದರು.

"ಅಕ್ಷರ ದಪ್ಪ ಮಾಡಿ, ಕಪ್ಪು ಮಾಡಿ," ಎಂದು ಸುಶ್ರುತನಿಗೆ ಹೇಳಿದೆ.

"ಇದು ಮಿನಿಮಲ್ ಲುಕ್ ಆಂಟಿ. ಕಪ್ಪು ಮಾಡಿದ್ರೆ ರೇಷನ್ ಅಂಗಡಿ ಬೋರ್ಡ್ ಥರ ಕಾಣತ್ತೆ."

"ಆಂಟಿ ಅನ್ಬೇಡಿ. ಮೇಡಂ ಅನ್ನಿ."

ಮೊನ್ನೆ ಡಾಕ್ಟರನ್ನು ನೋಡಲು ಬಂದ ಸುಶ್ರುತ, ಯಾಕೋ ತಲೆನೋವು ಎಂದ. ಅವರು ಕಣ್ಣಿಗೆ ಡ್ರಾಪ್ಸ್ ಹಾಕಿಸಿ ಪರೀಕ್ಷೆ ಮಾಡಿದರು, ಮುಂದಿನ ವಾರ ಮತ್ತೆ ಬನ್ನಿ ಎಂದರು. ಆ ಡ್ರಾಪ್ಸ್ ಬಿದ್ದರೆ ಮೂರ್ನಾಲ್ಕು ಗಂಟೆ ಹತ್ತಿರದ್ದೆಲ್ಲ ಮಸುಕು. ಗೋಡೆ ಹಿಡಿದುಕೊಂಡು ನನ್ನ ಕೌಂಟರಿಗೆ ಬಂದ.

"ಬುಧವಾರಕ್ಕೆ ಹಾಕ್ಬಿಡಿ."

"ಸೈಟ್‌ನಲ್ಲಿ ಮಾಡ್ಕೊಳ್ಳಿ."

ಮೊಬೈಲನ್ನು ಮೂಗಿನ ಹತ್ತಿರ ತಂದ, ತೋಳುದ್ದ ಹಿಡಿದ, ಎಲ್ಲೆಲ್ಲೋ ಒತ್ತಿದ. ಬೆಂಚಿನ ಮೇಲಿದ್ದವರು ಕಿಸಕ್ಕೆಂದು ನಕ್ಕರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಗಲಾಟೆ ಕೇಳಿ ಡಾಕ್ಟರ್ ಹೊರಗೆ ಬಂದರು.

"ನೋಡಿ ಡಾಕ್ಟ್ರೇ, ಮಾಡಿದೋರಿಗೇ ಓದಕ್ಕಾಗ್ತಿಲ್ಲ," ಎಂದೆ.

ಸುಶ್ರುತನ ಮುಖ ಕೆಂಪಾಯಿತು. "ಓದಕ್ಕಾಗ್ದೋರಿಗೆ ಈ ಮೇಡಂ ಇರ್ಲಿ ಬಿಡಿ ಡಾಕ್ಟರ್. ಕೌಂಟರ್ ಮುಚ್ಬೇಡಿ. ನನ್ನ ಡಿಸೈನ್ ಮಾತ್ರ ಮುಟ್ಬೇಡಿ."

ಡಾಕ್ಟರ್ ಸ್ವಲ್ಪ ಯೋಚಿಸಿದರು. "ಅದೂ ಸರೀನೇ. ಪದ್ಮಶ್ರೀ, ನೀವು ಇಲ್ಲೇ ಇರಿ. ಸೈಟ್ ಬಗ್ಗೆ ಇನ್ನೇನಾದ್ರೂ ಹೇಳೋದಿದ್ಯಾ?"

ಇತ್ತು. ಹೇಳಲು ಬಾಯಿ ತೆರೆದೆ. ಆ ಅಕ್ಷರ ಎಲ್ಲರಿಗೂ ಕಂಡ ದಿನ ಈ ಕೌಂಟರಿಗೆ ನಾನು ಬೇಕಾಗುವುದಿಲ್ಲ ಎಂದು ಆಗ ಹೊಳೆಯಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಏನಿಲ್ಲ ಡಾಕ್ಟ್ರೇ," ಎಂದೆ.