ಇಪ್ಪತ್ತು ಮೈಲಿ ಆಚೆಯ ಧೋತರ

ಸಂಡೂರು ಗುಡ್ಡದ ನೆತ್ತಿಯ ಮೇಲೆ ಕುಂತು, ಇಪ್ಪತ್ತು ಮೈಲಿ ಆಚೆ ಬಾದನಹಟ್ಟಿಯಲ್ಲಿ ನಮ್ಮತ್ತೆ ಪಕ್ಕೀರಮ್ಮ ಸಜ್ಜೆ ರೊಟ್ಟಿಗೆ ಎಷ್ಟು ಎಳ್ಳು ಹಚ್ಚಿದ್ದಾಳೆಂದು ಎಣಿಸಿದವನು ನಾನು. ನೂರಾ ಹದಿನಾಲ್ಕು. ಕೈ ಬಿಗಿ ಹೆಂಗಸು.

ಇಂಥ ಕಣ್ಣಿದ್ದವನಿಗೆ ಸುದ್ದಿ ಮುಟ್ಟಿಸಲು ಆಳು ಯಾಕೆ? ಐವತ್ತೊಂದನೇ ಇಸವಿ, ದಸರೆ ಮುಗಿದಿತ್ತು. ಹೆಂಡತಿ ಗಾದೆಮ್ಮ ಚೊಚ್ಚಲ ಹೆರಿಗೆಗೆಂದು ತವರು ಬಾದನಹಟ್ಟಿಗೆ ಬಂದಿದ್ದಳು. ದಿನ ತುಂಬಿದಾಗ ಅವಳಿಗೆ ಸಂಡೂರು ಕಾಡಿನ ಸೀತಾಫಲವೇ ಬೇಕೆನಿಸಿತು. ಹೊರಡುವಾಗ ಹೇಳಿದೆ:

"ಹೆಣ್ಣಾದ್ರ ಮಾಳಿಗಿ ಮ್ಯಾಲ ಕೆಂಪು ಸೀರಿ ಹರವ್ರಿ, ಗಂಡಾದ್ರ ಬಿಳಿ ಧೋತ್ರ. ಗುಡ್ಡದ ಮ್ಯಾಲಿಂದ ನೋಡ್ಕೋತೀನಿ."

"ಮಾಮಾ, ಮೊದ್ಲ ನಿನ್ ಮೂಗಿನ ಮ್ಯಾಲಿನ ನೊಣ ಕಾಣ್ತೈತೇನು ನೋಡು" ಎಂದ ಅವಳ ತಮ್ಮ ಜಡೆಪ್ಪ. ಜೊತೆಗೆ ಬಂದವನೂ ಅವನೇ.

ಕಾಡಿನಲ್ಲಿ ನನ್ನನ್ನು ಕಂಡು ಏಳು ಚಿರತೆ ದಾರಿ ಬಿಟ್ಟವು. ಮೊಲ ಅಂತಾನೆ ಜಡೆಪ್ಪ, ಇರಲಿ. ನಾಕು ತಾಸು ನಡೆದರೂ ಕಾಣುವುದು ಮುಖಕ್ಕೆ ಬಡಿಯುವ ಟೊಂಗೆ, ಕಾಲಡಿಯ ಕೆಂಪು ಮಣ್ಣು. ಲೋಕವೆಂದರೆ ಹತ್ತು ಮಾರು. ಅದರೊಳಗೆ ನಾನೇ ದೊಡ್ಡವನು. ಹಾಡುತ್ತ ಹತ್ತಿದೆ. ಜಡೆಪ್ಪ ಹಣ್ಣು ಕೀಳುತ್ತ ಹಿಂದೆ ಉಳಿದ.

ಒಮ್ಮೆಲೇ ಮರಗಳು ಮುಗಿದವು. ಬೋಳು ನೆತ್ತಿ. ತುಸು ಹೊತ್ತಿಗೆ ನಾನು ಕೂಗಿದ ಕೂಗಿಗೆ ಬಳ್ಳಾರಿ ಕೋಟೆ ಅದುರಿರಬೇಕು: "ಬಿಳಿ ಧೋತ್ರ! ಹಸಿರು ಅಂಚು! ಗಂಡು!"

ಜಡೆಪ್ಪ ಓಡಿ ಬಂದು ನನ್ನನ್ನು ಎತ್ತಿ ಕುಣಿಸಿದ. ಕುರುಗೋಡಿನಲ್ಲಿ ಬೆಲ್ಲ ಕೊಂಡೆವು. ಬಾದನಹಟ್ಟಿಯ ಮನೆಮನೆಗೂ ಹಂಚುತ್ತ, ಧೋತರದ ಜೊತೆಗೆ ಎಳ್ಳಿನ ಲೆಕ್ಕವನ್ನೂ ಸಾರುತ್ತ ಅತ್ತೆಯ ಮನೆಗೆ ಬಂದರೆ, ಕಟ್ಟೆಯ ಮೇಲೆ ಗಾದೆಮ್ಮ ಶೇಂಗಾ ಸುಲಿಯುತ್ತ ಕೂತಿದ್ದಾಳೆ. ಹೊಟ್ಟೆ ಇನ್ನೂ ಗುಡಾಣದಷ್ಟು!

"ಹುಲುಗಪ್ಪಾ, ಯಾರ ಮಗನ ಬೆಲ್ಲ ಇದು?" ಎಂದಳು ಪಕ್ಕೀರಮ್ಮ. "ಮಾಳಿಗಿ ತುಂಬ ಶೇಂಗಾ ಒಣಗಾಕ ಹಾಕೀವಿ. ಧೋತ್ರ ಹಾಕಾಕ ಜಾಗಾನ ಇಲ್ಲಪ್ಪಾ!"

ಓಣಿಯೇ ನಕ್ಕಿತು. ಗಾದೆಮ್ಮ ನಗಲಿಲ್ಲ. "ಖರೆ ಹೇಳು. ಅಲ್ಲಿ ಏನ್ ಕಾಣ್ತು?"

ಅವಳ ಆ ಕಣ್ಣಿನ ಮುಂದೆ ನನ್ನದು ನಡೆಯಲಿಲ್ಲ.

"ಏನೂ ಕಾಣ್ಲಿಲ್ಲ. ಗಿಡ ಮುಗಿದ ಕೂಡ್ಲೆ ಸುತ್ತಿನ ಗ್ವಾಡಿ ಎಲ್ಲಾ ಬಿದ್ದಂಗಾತು. ಎರಿ ಹೊಲ, ಅದರಾಚಿ ಎರಿ ಹೊಲ, ಆಮ್ಯಾಲ ಬರೇ ನೀಲಿ. ಕುರುಗೋಡು ಗುಡ್ಡ ಬೆಲ್ಲದಚ್ಚಿನಷ್ಟಿತ್ತು. ನಿಮ್ಮೂರು ಹುಡುಕಿದೆ, ಸಿಗಲಿಲ್ಲ. ಅಷ್ಟು ದೊಡ್ಡ ಬಯಲಿನಾಗ ನೀನೊಬ್ಬಾಕಿ ಬ್ಯಾನಿ ತಿಂತಿರಬೇಕು ಅನ್ನಿಸ್ತು. ಕಲ್ಲು ತಬ್ಬಿ ಕಣ್ಣು ಮುಚ್ಚಿ ಕುಂತೆ. ಅಂಜಿಕಿ ಹೋಗ್ಲಿ ಅಂತ, ಬಾಯಿಗೆ ಬಂದದ್ದು ಕೂಗಿದೆ."

"ಮತ್ತ ನನ್ ರೊಟ್ಟಿ ಎಳ್ಳು?" ಪಕ್ಕೀರಮ್ಮ ಬಿಡಲಿಲ್ಲ.

"ನೀವು ಬುತ್ತಿ ಕಟ್ಟಿದ್ರಲ್ಲ ಅತ್ತಿ, ಅಲ್ಲೇ ಬಿಚ್ಚಿ ಎಣಿಸಿದೆ. ಕಣ್ಣು ತೆಗೆಯಾಕ ಹತ್ತಿರದ್ದೊಂದು ಏನಾರ ಬೇಕಿತ್ತು."