ಗೋಡೆಯ ಮೇಲಿನ ಕೋಲು

ಹೊಸ ಟ್ಯಾಂಕು ಬಂದ ದಿನದಿಂದ ನನ್ನ ಅಂಗೈಗೆ ಕೆಲಸವಿಲ್ಲ. ನಮ್ಮ ವೈನು ಮಾಡುವ ಮನೆಯಲ್ಲಿ ನಲವತ್ತು ವರ್ಷ ಹಳೆಯ ತೊಟ್ಟಿಯ ಮೈ ಮುಟ್ಟಿ, ಒಳಗೆ ರಸ ಎಷ್ಟು ಕಾದಿದೆ ಎಂದು ಹೇಳುತ್ತಿದ್ದೆ, ಮಗುವಿನ ಹಣೆ ಮುಟ್ಟಿ ಜ್ವರ ನೋಡಿದಂತೆ. ಈ ಟ್ಯಾಂಕಿಗೆ ಎರಡು ಪದರದ ಉಕ್ಕಿನ ಮೈ, ನಡುವೆ ದಪ್ಪ ಫೋಮು. ಒಳಗೆ ಕುದಿದರೂ ಹೊರಗೆ ತಣ್ಣಗೆ. ತಂಪು ಆಚೆ ಹೋಗುವುದಿಲ್ಲ, ಕರೆಂಟು ಅರ್ಧಕ್ಕರ್ಧ ಉಳಿಯುತ್ತದೆ ಎಂದು ಸೊಸೆ ವಿವರಿಸಿದಳು. ಒಪ್ಪಿದೆ. ಹಳೆಯ ಕೂಲರು ಲಾರಿಯಂತೆ ಗುಡುಗುತ್ತಿತ್ತು. ಅದು ತೊಲಗಿದ್ದಕ್ಕೆ ನನಗೂ ಬೇಸರವಿಲ್ಲ.

ಈ ವರ್ಷದ ಕೆಂಪು ದ್ರಾಕ್ಷಿ ಪೂರಾ ಆ ಒಂದೇ ಟ್ಯಾಂಕಿಗೆ ಹೋಯಿತು. ಮೂರನೆಯ ದಿನ ಬೆಳಿಗ್ಗೆ ಮುಚ್ಚಳದ ಕೊಳವೆಯಿಂದ ಬರುವ ಗಾಳಿಗೆ ಮೂಗೊಡ್ಡಿದೆ. ಹಣ್ಣಿನ ಪರಿಮಳ ಹೋಗಿ, ಬೇಯಿಸಿದ ಜಾಮಿನ ವಾಸನೆ. ರಸ ಹುದುಗುವಾಗ ಸಿಪ್ಪೆಯೆಲ್ಲ ಮೇಲೆದ್ದು ಕಂಬಳಿಯಂತೆ ಕೂರುತ್ತದೆ. ಕಾವೆಲ್ಲ ಆ ಕಂಬಳಿಯಲ್ಲಿ. ಅದನ್ನು ಆಗಾಗ ಕೆಳಗೆ ಒತ್ತದಿದ್ದರೆ ಹುದುಗು ಸಾಯುತ್ತದೆ, ವೈನು ಅರೆಸಿಹಿಯಲ್ಲೇ ನಿಂತು ಆಮೇಲೆ ಹಳಸುತ್ತದೆ. ಮೊದಲು ದಿನಕ್ಕೆ ಐದು ಸಲ ಕೋಲಿನಿಂದ ಒತ್ತುತ್ತಿದ್ದೆವು. ಈಗ ಪಂಪು ಕೆಳಗಿನ ರಸವನ್ನು ಮೇಲೆ ಸುರಿಯುತ್ತದೆ, ಅದೂ ಕರೆಂಟು ಉಳಿಯಲೆಂದು ಎರಡೇ ಸಲ.

ಸೊಸೆಗೆ ಹೇಳಿದೆ. ಅವಳು ಟ್ಯಾಂಕಿನ ಪರದೆ ತೋರಿಸಿದಳು: ಇಪ್ಪತ್ತಮೂರು ಡಿಗ್ರಿ. ಮೆಕ್ಯಾನಿಕ್ಕಿಗೆ ಫೋನು ಮಾಡಿಸಿದೆ. ಅವನು ತಾನು ಕೂತಲ್ಲೇ ಕಂಪ್ಯೂಟರಿನಲ್ಲಿ ನೋಡಿ, ಎಲ್ಲ ಸರಿಯಿದೆ, ಅಮ್ಮನಿಗೆ ಹೊಸದು ಒಗ್ಗಿಲ್ಲ ಅಂದ. ಬಿಸಿ ಅಳೆಯುವ ಕಡ್ಡಿ ಎಲ್ಲಿದೆ ಎಂದು ಸೊಸೆಯಿಂದ ಕೇಳಿಸಿದೆ. ಟ್ಯಾಂಕಿನ ಬುಡದಲ್ಲಂತೆ.

"ಪಾದ ಮುಟ್ಟಿ ಜ್ವರ ನೋಡ್ತಾನಲ್ಲೇ ನಿನ್ನ ಡಾಕ್ಟ್ರು" ಅಂದೆ.

ಸೊಸೆ ನಕ್ಕಳು. ಮುಚ್ಚಳ ತೆರೆಯಲು ಮಾತ್ರ ಬಿಡಲಿಲ್ಲ. ತೆರೆದರೆ ಅಲಾರಂ ಹೊಡೆಯುತ್ತದಂತೆ. ಮಧ್ಯಾಹ್ನ ಕೇಳಿದರೆ ಸಂಜೆ ನೋಡೋಣ ಅಂದಳು, ಸಂಜೆ ಕೇಳಿದರೆ ನಾಳೆ. ಹೇಳಿ ಹೇಳಿ ನನ್ನ ಬಾಯಿ ಒಣಗಿತು.

ಮರುದಿನ ವಾಸನೆ ಇನ್ನೂ ಗಾಢವಾಗಿತ್ತು. ಇನ್ನು ಕೇಳುವುದು ಬೇಡವೆಂದು ಕೋಲು ಹುಡುಕಿದೆ. ಅದು ಗಿರಾಕಿಗಳು ರುಚಿ ನೋಡುವ ಕೋಣೆಯಲ್ಲಿ, ಗೋಡೆಯ ಮೇಲೆ, ಹಿಡಿಗೆ ಪಾಲಿಶು ಬಳಿಸಿಕೊಂಡು ನಾಲ್ಕು ಸ್ಕ್ರೂಗಳಲ್ಲಿ ಬಿಗಿದು ನಿಂತಿತ್ತು. ಮೇಲೊಂದು ಪುಟ್ಟ ದೀಪ ಬೇರೆ. ಕುರ್ಚಿ ಹತ್ತಿ ತರಕಾರಿ ಚಾಕುವಿನ ತುದಿಯಿಂದ ಮೂರು ಸ್ಕ್ರೂ ಬಿಚ್ಚಿದೆ. ನಾಲ್ಕನೆಯದು ಜಪ್ಪಯ್ಯ ಅನ್ನಲಿಲ್ಲ. ಜಗ್ಗಿದೆ. ಕೋಲಿನ ಜೊತೆ ಅಂಗೈಯಗಲ ಗಾರೆಯೂ ಬಂತು.

ಕೋಲು ತೊಳೆದು, ಬಾಗಿಲು ಕಿಟಕಿ ತೆರೆದಿಟ್ಟು, ಏಣಿ ಹತ್ತಿ ಮುಚ್ಚಳ ಸರಿಸಿದೆ. ಅಲಾರಂ ಕಿರುಚತೊಡಗಿತು. ಫೋನಿನಲ್ಲಿ ಮೆಕ್ಯಾನಿಕ್ಕನನ್ನು ಹಿಡಿದುಕೊಂಡೇ ಸೊಸೆ ಓಡಿ ಬಂದಳು.

"ಅತ್ತೆ, ಇಳೀರಿ. ತಂಪೆಲ್ಲ ಹೋಯ್ತು."

"ಇದ್ರೆ ತಾನೆ ಹೋಗೋಕೆ. ಹತ್ತಿ ಬಾ, ಕೈ ಇಡು."

ಹತ್ತಿದಳು. ಮಣಿಕಟ್ಟಿನವರೆಗೆ ಸಿಪ್ಪೆಯೊಳಗೆ ಕೈ ಇಳಿಸಿ, ಥಟ್ಟನೆ ಎಳೆದುಕೊಂಡಳು. ಕೆಂಪಾದ ಕೈಯನ್ನು ನೋಡಿಕೊಂಡಳು. ಆಮೇಲೆ ಫೋನಿಗೆ, "ನೀವೇ ಬನ್ನಿ. ಇವತ್ತೇ" ಅಂದಳು.

ಇಬ್ಬರೂ ಸರದಿಯಲ್ಲಿ ಒತ್ತಿದೆವು. ಅಲಾರಂ ನಿಲ್ಲಿಸುವುದು ಅವಳಿಗೂ ಗೊತ್ತಿರಲಿಲ್ಲ.

ಈಗ ಕಡ್ಡಿ ಮೇಲಕ್ಕೆ ಬಂದಿದೆ, ಪಂಪು ಐದು ಸಲ ಓಡುತ್ತದೆ. ಹುದುಗು ಸಾಯಲಿಲ್ಲ, ವೈನು ಕೊನೆ ಮುಟ್ಟಿತು. ಆದರೆ ಪ್ರತಿ ಗುಟುಕಿನ ಹಿಂದೆಯೂ ಆ ಜಾಮಿನ ವಾಸನೆ ಉಳಿದೇ ಹೋಯಿತು. ಅದು ನಾನು ಅಪ್ಪಣೆ ಕೇಳುತ್ತಾ ಕೂತ ಒಂದು ದಿನದ ವಾಸನೆ. ಕೋಲು ಟ್ಯಾಂಕಿನ ಪಕ್ಕದಲ್ಲೇ ಇದೆ. ರುಚಿ ನೋಡುವ ಕೋಣೆಯಲ್ಲಿ ಗೋಡೆಯ ದೀಪ ಇನ್ನೂ ಗಾರೆ ಕಿತ್ತುಬಂದ ಜಾಗಕ್ಕೆ ಬೆಳಕು ಬಿಡುತ್ತಿದೆ. ಅದನ್ನು ಆರಿಸಿ ಕರೆಂಟು ಉಳಿಸಬೇಕೆಂದು ಯಾರಿಗೂ ಹೊಳೆದಿಲ್ಲ.