ಗುಂಡನ ಗೆರೆಗಳು

ನನ್ನ ಗಂಡ ಬಚ್ಚಲುಮನೆಯಲ್ಲಿ ನಲ್ಲಿಯ ಸದ್ದನ್ನೂ ಮೀರಿಸಿ ಭಾಷಣದ ಅಭ್ಯಾಸ ಮಾಡುತ್ತಿದ್ದ. ಇತ್ತ ಊಟದ ಮೇಜಿನ ಮುಂದೆ ಕೂತಿದ್ದ ನನ್ನ ಎದೆ ಧಸಕ್ಕೆಂದಿತು. ಕಂಪ್ಯೂಟರ್ ಪರದೆಯ ಮೇಲೆ ಒಂದು ಗೆರೆ ಇರಬೇಕಾದ ಕಡೆಯಲ್ಲೆಲ್ಲ ಎರಡೆರಡು ಗೆರೆ ಕಾಣುತ್ತಿದ್ದವು.

"ಸದಸ್ಯರೇ, ಈ ನಕ್ಷತ್ರ ಊದಿಕೊಂಡಿದೆ!" ಅಂತ ಒಳಗಿನಿಂದ ಕೇಳಿಸಿತು.

ಊದಿಕೊಂಡಿಲ್ಲ ಕಣೋ, ಅಂದೆ ಮನಸ್ಸಿನಲ್ಲೇ.

ನಾವಿಬ್ಬರೂ ಒಂದೇ ಸಂಸ್ಥೆಯಲ್ಲಿ ನಕ್ಷತ್ರ ಅಳೆಯುವವರು. ಅವನು ಹೊಳಪು ಅಳೆಯುತ್ತಾನೆ. ನಾನು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಅದರ ನಡುವೆ ಬೀಳುವ ಕಪ್ಪು ಗೆರೆಗಳನ್ನು ಓದುತ್ತೇನೆ. ನಕ್ಷತ್ರ ಎಷ್ಟು ಬಿಸಿ, ನಮ್ಮ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ, ಎಲ್ಲ ಆ ಗೆರೆಗಳೇ ಹೇಳುತ್ತವೆ. ನನ್ನದು ಖಾಯಂ ನೌಕರಿ, ಅವನದಲ್ಲ. ಅವತ್ತಿನ ಭಾಷಣ ಸಮಿತಿಗೆ ಹಿಡಿಸಿದರೆ ಅವನದೂ ಖಾಯಂ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಬೇರೆ ಊರು ನೋಡಿಕೊಳ್ಳಬೇಕು.

ಭಾಷಣವೆಲ್ಲ ಒಂದೇ ಒಂದು ಮಂಕು ನಕ್ಷತ್ರದ ಮೇಲೆ. ಅದಿರುವುದು ಒಂದು ಗುಚ್ಛದಲ್ಲಿ. ಗುಚ್ಛ ಅಂದರೆ ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿ, ಇನ್ನೂ ಚದುರಿಹೋಗದ ನಕ್ಷತ್ರಗಳ ಗುಂಪು, ಒಂಥರಾ ಒಡಹುಟ್ಟಿದವು. ಎಲ್ಲದಕ್ಕೂ ಒಂದೇ ವಯಸ್ಸು, ಎಲ್ಲವೂ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರ. ಹಾಗಾಗಿ ಬಿಸಿ ಇಷ್ಟು, ಹೊಳಪು ಇಷ್ಟು ಅಂತ ನಕ್ಷೆಯಲ್ಲಿ ಚುಕ್ಕಿ ಇಡುತ್ತಾ ಹೋದರೆ ಎಲ್ಲವೂ ಸಾಲಾಗಿ ಕೂರುತ್ತವೆ. ಇದೊಂದು ಮಾತ್ರ ಸಾಲು ಬಿಟ್ಟು ಮೇಲೆ ಕೂತಿತ್ತು. ಸೂರ್ಯನ ಅರ್ಧ ತೂಕವೂ ಇಲ್ಲದ ಕೆಂಪು ನಕ್ಷತ್ರ, ಅದರ ಬಿಸಿಗೆ ಇರಬೇಕಾದ್ದಕ್ಕಿಂತ ಎರಡರಷ್ಟು ಹೊಳಪು. ಅಷ್ಟು ಬೆಳಕು ಬರಬೇಕಾದರೆ ಮೈ ದಪ್ಪ ಇರಲೇಬೇಕು. ಇದನ್ನು ಕೇಳಿದ ನಮ್ಮತ್ತೆ ಅದಕ್ಕೆ ಗುಂಡ ಅಂತ ಹೆಸರಿಟ್ಟುಬಿಟ್ಟರು.

ಎರಡು ನಕ್ಷತ್ರಗಳು ಹತ್ತಿರ ಹತ್ತಿರ ಸುತ್ತುತ್ತಾ ಒಂದೇ ಅಂತ ಕಾಣುತ್ತಿರಬಹುದಲ್ಲ? ಈ ಅನುಮಾನ ಅವನಿಗೂ ಬಂದಿತ್ತು, ದಡ್ಡನೇನಲ್ಲ. ಎರಡಿದ್ದರೆ ಒಂದು ನಮ್ಮ ಕಡೆ ಬರುವಾಗ ಇನ್ನೊಂದು ಅತ್ತ ಹೋಗುತ್ತದೆ, ಗೆರೆಗಳು ಸೀಳಿ ಎರಡೆರಡಾಗುತ್ತವೆ. ನೀನೇ ನೋಡಿ ಹೇಳು ಅಂದ. ಅಂಥ ಮಂಕು ನಕ್ಷತ್ರಕ್ಕೆ ದೊಡ್ಡ ದೂರದರ್ಶಕವೇ ಬೇಕು, ಅದರ ಸರದಿ ಸಿಗುವುದೇ ಕಷ್ಟ. ಹೇಗೋ ಎರಡು ಸಲ ನೋಡಿದೆ. ಎರಡು ಸಲವೂ ಒಂದೊಂದೇ ಗೆರೆ. "ಒಂದೇ ಕಣೋ, ಬರೆದಿಟ್ಕೋ" ಅಂದಿದ್ದೆ, ಜಂಬದಿಂದ. ನನ್ನ ಆ ಮಾತಿನ ಮೇಲೆ ಅವನು ಇಡೀ ಸಿದ್ಧಾಂತ ಕಟ್ಟಿದ: ನಕ್ಷತ್ರದ ಕಾಂತಬಲ ಒಳಗಿನ ಶಾಖವನ್ನು ಹೊರಗೆ ಬಿಡದೆ ತಡೆದು ಮೈ ಊದಿಸಿದೆ ಅಂತ.

ಮೂರನೇ ಸರದಿಯಲ್ಲಿ ಹಿಡಿದ ಬೆಳಕಿನ ಕಡತ ಅವತ್ತೇ ಬೆಳಿಗ್ಗೆ ಬಂದು ಸಾಯಬೇಕಿತ್ತೆ! ನಾನು ಮೊದಲು ನೋಡಿದ್ದ ಎರಡು ಸಲವೂ ಆ ಜೋಡಿ ನಮಗೆ ಅಡ್ಡಡ್ಡ ಸಾಗುತ್ತಿತ್ತು. ಆಗ ಯಾವುದೂ ಹತ್ತಿರ ಬರುವುದಿಲ್ಲ, ದೂರ ಹೋಗುವುದಿಲ್ಲ, ಗೆರೆಗಳು ಒಂದರ ಮೇಲೊಂದು ಕೂತುಬಿಡುತ್ತವೆ. ಎರಡು ಸಲವೂ ಅದೇ ಗಳಿಗೆಗೆ ಸಿಕ್ಕಿದ್ದವು, ನನ್ನ ಗ್ರಹಚಾರ.

ಗಂಡ ಹೊರಗೆ ಬಂದ. ಒಂದು ವಾರದಿಂದ ಸರಿಯಾಗಿ ಊಟವಿಲ್ಲ, ನಿದ್ದೆಯಿಲ್ಲ. ಅತ್ತೆ ಇಸ್ತ್ರಿ ಹಾಕಿಕೊಟ್ಟ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದಷ್ಟು ಕೈ ನಡುಗುತ್ತಿತ್ತು. ನಾನೇ ಎದ್ದು ಹೋಗಿ ಹಾಕಿದೆ.

"ಒಂದು ಮಾತು ಹೇಳ್ಬೇಕಿತ್ತು ಕಣೋ."

"ದಮ್ಮಯ್ಯ, ಈಗ ಏನೂ ಹೇಳ್ಬೇಡ. ತಲೇಲಿರೋದೆಲ್ಲ ಚೆಲ್ಲಿಹೋಗುತ್ತೆ."

ಬಾಯಿ ಮುಚ್ಚಿಕೊಂಡೆ. ಕಂಪ್ಯೂಟರನ್ನೂ ಮುಚ್ಚಿದೆ.

"ಯಾಕಮ್ಮ, ಮುಖ ಹಿಂಗೆ ಬಿಳಿಚಿಕೊಂಡಿದೆ?" ಅಂದರು ಅತ್ತೆ.

"ಹಸಿವು ಅತ್ತೆ."

"ಭಾಷಣ ಅವನದು, ಹೊಟ್ಟೆ ಕಾಯಿಸೋದು ನೀನಾ? ತಿನ್ನು ಏನಾದ್ರೂ."

ಬಸ್ಸಿನಲ್ಲಿ ಅವನು ಕಣ್ಣು ಮುಚ್ಚಿಕೊಂಡು ಗೊಣಗುತ್ತಲೇ ಇದ್ದ. ನನ್ನ ಕೈ ಹಿಡಿದುಕೊಂಡಿದ್ದ, ಅವನ ಅಂಗೈ ತಣ್ಣಗಿತ್ತು. ಈಗ ಹೇಳು, ಈ ನಿಲ್ದಾಣ ದಾಟಲಿ, ಇಳಿದ ಮೇಲೆ ಹೇಳು ಅಂತ ನನಗೆ ನಾನೇ ಹೇಳಿಕೊಳ್ಳುತ್ತಾ ಹೋದೆ. ಹೇಳಿದರೆ ಅಲ್ಲೇ ಕುಸಿದು ಕೂರುತ್ತಾನೆ ಅಂತ ಭಯ. ಮೊದಲು ನೌಕರಿ ಸಿಗಲಿ, ಸಂಜೆ ಹೇಳಿದರಾಯಿತು, ನಕ್ಷತ್ರ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ ಅಂದುಕೊಂಡೆ.

ಸಭಾಂಗಣದ ಮುಂದಿನ ಸಾಲಿನಲ್ಲಿ ಸಮಿತಿಯ ಹಿರಿಯ ಮೇಡಂ ಕೂತಿದ್ದರು. ಪ್ರತಿ ಮಾತನ್ನೂ ತೂಗಿ ನೋಡುವವರು. ಅದಕ್ಕೇ ನಾವೆಲ್ಲ ಅವರ ಬೆನ್ನ ಹಿಂದೆ ತಕ್ಕಡಿ ಅನ್ನುವುದು. ಅವನು ಮಾತು ಶುರು ಮಾಡಿದ. ನೋಡನೋಡುತ್ತಾ ಕೈ ನಡುಕ ನಿಂತಿತು, ಒಂದು ಜೋಕನ್ನೂ ಹೊಡೆದ. ಜನ ನಕ್ಕರು. ಅವನು ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಒಂದೊಂದು ವಾಕ್ಯಕ್ಕೂ ನನ್ನ ಜೀವ ಹಿಡಿಯಷ್ಟಾಯಿತು.

ಕೊನೆಗೆ ತಕ್ಕಡಿ ಕೇಳಿದರು, "ಇದು ಜೋಡಿ ಅಲ್ಲ ಅಂತ ಖಾತ್ರಿನಾ?"

ಅವನು ಆ ವಾರದಲ್ಲೇ ಮೊದಲ ಸಲ ಮನಸಾರೆ ನಕ್ಕ. "ನನ್ನ ಹೆಂಡತಿ ನೋಡಿದಾಳೆ ಮೇಡಂ. ಅವಳು ನೋಡಿ ಒಂದೇ ಅಂದ್ಮೇಲೆ ಮುಗೀತು. ಮೂರನೇ ಸಲದ್ದೂ ಬರಬೇಕಿತ್ತು. ಬಂತೇನೇ?"

ಎಲ್ಲರೂ ತಿರುಗಿ ನನ್ನನ್ನು ನೋಡಿದರು. "ಇನ್ನೂ ಇಲ್ಲ" ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ಹೇಳಿದ್ದರೆ ನೌಕರಿ ಕೈಗೆ ಬಂದ ಹಾಗೇ ಇತ್ತು. ಆದರೆ ಅವನು ನನ್ನನ್ನು ಎಂಥ ನಂಬಿಕೆಯಿಂದ ನೋಡುತ್ತಿದ್ದ ಅಂದರೆ, ಆ ಮುಖ ನೋಡಿಕೊಂಡು ಸುಳ್ಳು ಹೇಳಲು ನನ್ನ ಕೈಲಾಗಲಿಲ್ಲ. ಎದ್ದು ನಿಂತೆ.

"ಬಂತು. ಗೆರೆಗಳು ಸೀಳಿಕೊಂಡಿವೆ. ಎರಡಿವೆ."

ಅವನು ಪರದೆಯ ಮೇಲಿದ್ದ ನಕ್ಷೆಯ ಕಡೆ ತಿರುಗಿದ. ಆಮೇಲೆ ಮೇಲಿದ್ದ ಗುಂಡನ ಚುಕ್ಕಿಯ ಮೇಲೆ ಬೆರಳಿಟ್ಟು, ಮೆಲ್ಲಗೆ ಕೆಳಗೆ ಸಾಲಿನವರೆಗೂ ಎಳೆದ.

"ಬೆಳಕನ್ನ ಇಬ್ಬರಿಗೂ ಹಂಚಿದ್ರೆ ಸರಿಯಾಗಿ ಸಾಲಲ್ಲೇ ಕೂರ್ತಾವೆ. ಯಾರೂ ಊದಿಕೊಂಡಿಲ್ಲ," ಅಂದ.

ತಕ್ಕಡಿ ಕುರ್ಚಿಯ ತುದಿಗೆ ಬಂದಿದ್ದರು. "ಅಲ್ರೀ, ವಯಸ್ಸು ಗೊತ್ತಿರೋ ಗುಚ್ಛದಲ್ಲಿ ಇಷ್ಟು ಚಿಕ್ಕ ನಕ್ಷತ್ರಗಳ ಜೋಡಿ! ಇನ್ನೊಂದಿಷ್ಟು ಸಲ ನೋಡಿದ್ರೆ ಯಾವುದು ಎಷ್ಟು ಭಾರ ಅಂತ ತೂಗಬಹುದು. ಇಂಥದ್ದನ್ನ ಕೈಲಿಟ್ಕೊಂಡು ಇಷ್ಟೊತ್ತು ಏನು ಹೇಳ್ತಿದ್ರಿ? ನಿಮಗೆ ಗೊತ್ತಿರಲಿಲ್ವಾ?"

ಅವನು ನನ್ನ ಕಡೆ ನೋಡಲಿಲ್ಲ. "ಇಲ್ಲ ಮೇಡಂ. ಈಗಷ್ಟೇ ಬಂದಿರಬೇಕು."

ನಮ್ಮನ್ನು ಹೊರಗೆ ಕಳಿಸಿದರು. ಪಡಸಾಲೆಯ ಬೆಂಚಿನ ಮೇಲೆ ಇಬ್ಬರೂ ಕೂತೆವು. ಅತ್ತೆಯ ಫೋನು ಬಂತು, ನಾನು ಎತ್ತಲಿಲ್ಲ. ಬಾಗಿಲು ತೆರೆದಾಗ ಇಬ್ಬರೂ ಒಟ್ಟಿಗೇ ಎದ್ದು ನಿಂತೆವು. ತಕ್ಕಡಿ ಅವನ ಹೆಗಲ ಮೇಲೆ ಕೈಯಿಟ್ಟರು.

"ನಕ್ಷತ್ರ ತುಂಬಾ ಚೆನ್ನಾಗಿದೆ. ಆದ್ರೆ ಏನ್ ಮಾಡೋದು ಹೇಳಿ, ಅದನ್ನ ಕಂಡುಹಿಡಿದವರು ನೀವಲ್ಲ, ನಿಮ್ಮ ಹೆಂಡತಿ. ಅವರಿಗೆ ನೌಕರಿ ಇದ್ದೇ ಇದೆ."

ಅವರು ಹೋದ ಮೇಲೆ ಅವನು ಮತ್ತೆ ಬೆಂಚಿನ ಮೇಲೆ ಕೂತ.

"ಯಾವಾಗ ನೋಡ್ದೆ?"

"ನೀನು ಬಚ್ಚಲಲ್ಲಿದ್ದಾಗ." ನನಗೆ ಅಳು ಒತ್ತರಿಸಿಕೊಂಡು ಬಂತು. "ನಿನ್ನ ಕೈ ನಡುಗ್ತಿತ್ತು ಕಣೋ. ಹೇಳಿದ್ರೆ ಎಲ್ಲಿ ಕುಸಿದುಬೀಳ್ತೀಯೋ ಅಂತ..."

ಅವನಿಗೆ ಕೋಪ ಬಂದಿರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

"ಬೆಳಿಗ್ಗೇನೇ ಹೇಳಿದ್ದಿದ್ರೆ, ಎರಡಿವೆ ಅಂತ ಅಲ್ಲಿ ನಿಂತ್ಕೊಂಡು ನಾನೇ ಹೇಳ್ತಿದ್ನಲ್ಲೇ," ಅಂದ.